ಮುನಿರಾಜ್ ಡಾಕ್ಟ್ರ ತೂಕದ ಸಿದ್ಧಾಂತ

ಬಂಗಾರಪೇಟೆ ತಾಲೂಕಿನ ನೇರಳೆಕುಂಟೆ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ಮುನಿರಾಜನನ್ನು ಎಲ್ಲರೂ ಡಾಕ್ಟ್ರೇ ಅಂತಲೇ ಕರೆಯುತ್ತಾರೆ. ಪಿಯುಸಿಯನ್ನು ಎರಡನೇ ಸಲಕ್ಕೆ, ಅದೂ ದೇವರ ದಯೆಯಿಂದ ದಾಟಿದವನಿಗೆ ಈ ಬಿರುದು ತನ್ನದಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಮೊದಮೊದಲು ತಿದ್ದುತ್ತಿದ್ದ. ಆಮೇಲಾಮೇಲೆ, ಕರೆಯುವವರ ಬಾಯಿ ಯಾಕೆ ನೋಯಿಸಬೇಕು ಎಂದು ಸುಮ್ಮನಾದ. ಅವನ ಕೆಲಸ ಇಷ್ಟೇ: ಹಸು ಬೆದೆಗೆ ಬಂದಿದೆ ಎಂದು ಫೋನ್ ಬಂದರೆ ಹೋಗಬೇಕು. ಬೈಕಿನ ಹಿಂದೆ ಕಟ್ಟಿದ ನೈಟ್ರೋಜನ್ ಕ್ಯಾನಿನ ಹೊಗೆಯೊಳಗಿಂದ ಕಡ್ಡಿಯಷ್ಟು ತೆಳ್ಳಗಿನ ಕೊಳವೆಯೊಂದನ್ನು ಎತ್ತಿ, ಭುಜದವರೆಗೂ ಪ್ಲಾಸ್ಟಿಕ್ ಕೈಗವಸು ಏರಿಸಿ, ಆ ಹಸು ಜನ್ಮದಲ್ಲಿ ಕಣ್ಣಿಂದ ನೋಡದ ಯಾವುದೋ ದೂರದ ಹೋರಿಯ ಪರವಾಗಿ ಕೆಲಸ ಮುಗಿಸಿ, ಚೀಟಿಯಲ್ಲಿ ತಾರೀಕು ಬರೆದು ಬರಬೇಕು. ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ, ಕೈ ಹಾಕಿ ತಡವಿ, ಗಬ್ಬ ನಿಂತಿದೆಯೋ ಇಲ್ಲವೋ ಹೇಳಬೇಕು.

ಅವನ ಕೈಗುಣ ಒಳ್ಳೆಯದು ಎಂದು ಹೆಸರಾಗಿತ್ತು. ನಿಂತ ಹಸುಗಳ ಕತೆ ಹಳ್ಳಿಯಿಂದ ಹಳ್ಳಿಗೆ ಓಡಾಡುತ್ತಿತ್ತು. ನಿಲ್ಲದ ಹಸುಗಳು ಸಂತೆಗೆ ಹೋಗಿಬಿಡುತ್ತಿದ್ದುದರಿಂದ ಅವನ ವಿರುದ್ಧ ಸಾಕ್ಷಿ ಹೇಳಲು ಊರಲ್ಲಿ ಯಾರೂ ಉಳಿಯುತ್ತಿರಲಿಲ್ಲ.

ಇಂಥ ಮುನಿರಾಜನಿಗೆ ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಹಳ್ಳಿಯ ಬಾಯಿಗೆ ಇದಕ್ಕಿಂತ ಒಳ್ಳೆಯ ಮೇವು ಬೇಕೆ? ಹಾಲಿನ ಡೈರಿಯ ಕಾರ್ಯದರ್ಶಿ ಕೋದಂಡಪ್ಪ ದಿನಕ್ಕೊಂದು ಸಲವಾದರೂ ಈ ಮೇವನ್ನು ಮೆಲುಕು ಹಾಕುತ್ತಿದ್ದ.

“ಏನ್ ಡಾಕ್ಟ್ರೇ, ಸುತ್ತಾ ಅನ್ನೆರಡು ಅಳ್ಳೀಲಿ ಉಟ್ಟೋ ಕರುಗೆಲ್ಲಾ ನೀನೇ ಕಾರಣ ಅಂತಾರೆ. ನಿನ್ ಮನೇಲಿ ಮಾತ್ರ ಏನೂ ಕಾಣಾಕಿಲ್ವಲ್ಲಾ?”

“ಓರಿ ಸರ್ಕಾರದ್ದು ಕಣಣ್ಣ. ನಾನು ಬರೀ ಪೋಸ್ಟ್‌ಮ್ಯಾನು.”

“ಅಂಗಾದ್ರೆ ನಿನ್ ಮನೆ ಅಡ್ರೆಸ್‌ಗೂ ಒಂದ್ ಕಾಗ್ದ ಆಕ್ಕೊಳ್ಲಾ!”

ಹಾಲು ಹಾಕಲು ನಿಂತ ಸಾಲೆಲ್ಲಾ ನಗುತ್ತಿತ್ತು. ನಗುವವರಲ್ಲಿ ಮುನಿರಾಜನೇ ಮೊದಲಿಗ. ಬೇರೆಯವರಿಗಿಂತ ಮುಂಚೆ ತಾನೇ ನಕ್ಕುಬಿಟ್ಟರೆ ಕುಟುಕು ಅರ್ಧ ಇಳಿಯುತ್ತದೆ ಎಂದು ಅವನು ಕಂಡುಕೊಂಡಿದ್ದ. ಉಳಿದರ್ಧ ಇಳಿಸಲು ಬಂಗಾರಪೇಟೆ ಪಾನಿಪುರಿ ಇತ್ತು. ಹಾಗಾಗಿ ಮೂವತ್ತೊಂದಕ್ಕೇ ಅವನ ಹೊಟ್ಟೆ ಬೈಕಿನ ಟ್ಯಾಂಕಿನ ಮೇಲೆ ಇನ್ನೊಬ್ಬ ಸವಾರನಂತೆ ಕೂರುತ್ತಿತ್ತು.

ಹೆಂಡತಿ ಭಾನುಪ್ರಿಯ ಆಂಡರ್ಸನ್‌ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಗಿರಾಕಿಯ ಮುಖ ನೋಡಿಯೇ ಕನ್ನಡವೋ ತಮಿಳೋ ತೆಲುಗೋ ಎಂದು ತೀರ್ಮಾನಿಸಿ, ಅದೇ ಭಾಷೆಯಲ್ಲಿ ಸೀರೆ ಹೊಗಳುತ್ತಿದ್ದಳು. ಗಂಡನನ್ನು ಬೈಯುವುದು ಮಾತ್ರ ಕನ್ನಡದಲ್ಲೇ. ಆರು ವರ್ಷದಲ್ಲಿ ಅವಳು ಹರಕೆ ಕಟ್ಟದ ದೇವರಿಲ್ಲ, ಅತ್ತೆ ಮುನಿನಾರಾಯಣಮ್ಮ ತಂದುಕೊಟ್ಟು ಅವಳು ಕುಡಿಯದ ಕಷಾಯವಿಲ್ಲ. ಕಡೆಗೆ ಅವಳೇ ಒಂದು ಸೋಮವಾರ ರಜೆ ಹಾಕಿ, ಗಂಡನ ಕೈ ಹಿಡಿದು ಕೆಜಿಎಫ್‌ನ ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದಳು.

ಮುನಿರಾಜನ ರಿಪೋರ್ಟು ಸರಿಯಾಗೇ ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿ ಡೈರಿಯ ಗೋಡೆಗೆ ಹೊಡೆಸಬೇಕು ಅನ್ನಿಸಿತು ಅವನಿಗೆ. ಭಾನುಪ್ರಿಯಳ ಕಡೆ ತಿರುಗಿದ ಡಾಕ್ಟರಮ್ಮ, “ಪಿಸಿಓಎಸ್ ಇದೆ. ಅಂಡ ಪ್ರತಿ ತಿಂಗಳೂ ಬಿಡುಗಡೆ ಆಗ್ತಾ ಇಲ್ಲ. ಸಕ್ಕರೆಯೂ ಅಂಚಿನಲ್ಲಿದೆ. ತೂಕ ಎಂಬತ್ತೆಂಟು. ಇಳಿದರೆ ಎಲ್ಲಾ ದಾರಿಗೆ ಬರೋ ಸಾಧ್ಯತೆ ಚೆನ್ನಾಗಿದೆ,” ಎಂದರು. ನಡಿಗೆ, ಊಟ ಎಲ್ಲಾ ಆರು ತಿಂಗಳು ನೋಡಿದ್ದಾಯಿತು. ಎರಡು ಕಿಲೋ ಇಳಿದು ಮೂರು ಕಿಲೋ ಏರಿತು. ಆಮೇಲೆ ಡಾಕ್ಟರಮ್ಮ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟರು. ಕೊಡುವ ಮೊದಲು ಬೆರಳೆತ್ತಿದರು.

“ಒಂದು ಮಾತು ಸರಿಯಾಗಿ ಕೇಳ್ಕೊಳ್ಳಿ. ಇದನ್ನ ತಗೊಳ್ತಿರೋವಾಗ ಗರ್ಭ ನಿಲ್ಲಬಾರದು. ತೂಕ ಇಳಿಸ್ತೀವಿ, ಆಮೇಲೆ ಇಂಜೆಕ್ಷನ್ ನಿಲ್ಲಿಸ್ತೀವಿ. ನಿಲ್ಲಿಸಿ ಕನಿಷ್ಠ ಒಂದು ತಿಂಗಳು, ನನ್ನ ಕೇಳಿದರೆ ಎರಡು ತಿಂಗಳು ಬಿಟ್ಟು ಮಗುಗೆ ಪ್ರಯತ್ನ ಮಾಡಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಮೇಡಂ, ಆರು ವರ್ಷದಿಂದ ಆಗ್ಲಿ ಆಗ್ಲಿ ಅಂತಿದ್ದೀವಿ...” ಎಂದ ಮುನಿರಾಜ.

“ಇನ್ನು ಎಂಟು ತಿಂಗಳು ಬೇಡ ಬೇಡ ಅನ್ನಿ. ಗರ್ಭ ತಡೆಯೋ ಮಾತ್ರೆ ನಂಬ್ಕೊಬೇಡಿ. ಈ ಇಂಜೆಕ್ಷನ್ ಹೊಟ್ಟೆಯ ಕೆಲಸಾನ ನಿಧಾನ ಮಾಡುತ್ತೆ, ನುಂಗಿದ ಮಾತ್ರೆ ಸರಿಯಾಗಿ ಹತ್ತದೇ ಹೋಗಬಹುದು. ಕಾಂಡೋಮ್ ಬಳಸಿ.” ಎತ್ತಿದ ಬೆರಳು ಮುನಿರಾಜನ ಕಡೆ ತಿರುಗಿತು. “ಅದು ನಿಮ್ಮ ಜವಾಬ್ದಾರಿ.”

ಬಂಗಾರಪೇಟೆಯಲ್ಲಿ ಮೆಡಿಕಲ್ ಸ್ಟೋರಿಗೇನು ಬರವಿಲ್ಲ. ಗುರುತಿನವರಿಲ್ಲದ ಮೆಡಿಕಲ್ ಸ್ಟೋರಿಗೆ ಬರ. ಒಂದರಲ್ಲಿ ಅವನ ಸೋದರಮಾವನ ಮಗ, ಇನ್ನೊಂದರಲ್ಲಿ ಪಿಯುಸಿಯ ಜೊತೆಗಾರ, ಅದೂ ಮೊದಲ ಸಲದ ಪಿಯುಸಿಯ ಜೊತೆಗಾರ. ಆರು ವರ್ಷದಿಂದ ಮಕ್ಕಳಿಲ್ಲದವನು ಹೋಗಿ ಕಾಂಡೋಮ್ ಕೇಳುವುದು ಬೋಳುತಲೆಯವನು ಬಾಚಣಿಗೆ ಕೇಳಿದ ಹಾಗೆ. ಅದಕ್ಕೇ ಅವನು ಬೈಕ್ ಹತ್ತಿ ಚಾಂಪಿಯನ್ ರೀಫ್ಸ್‌ವರೆಗೂ ಹೋದ. ಯಾವತ್ತೂ ಕಾಲಿಡದ ಒಂದು ಪುಟ್ಟ ಅಂಗಡಿ ಆರಿಸಿಕೊಂಡ. ಹೆಲ್ಮೆಟ್ ತೆಗೆಯಲಿಲ್ಲ.

“ಅಡಡಡಾ! ಡಾಕ್ಟರ್ ಸಾರ್! ವಾಂಗ, ವಾಂಗ!”

ಅಂಗಡಿಯ ಸೆಲ್ವರಾಜ್ ಎರಡು ಕೈಯನ್ನೂ ಚಾಚಿ ನಿಂತಿದ್ದ. ಮುಖ ಕಾಣದಿದ್ದರೇನು, ಹೊರಗೆ ಬೈಕಿನ ಮೇಲೆ ನೈಟ್ರೋಜನ್ ಕ್ಯಾನ್ ಕೂತಿತ್ತಲ್ಲ. ಎರಡು ವರ್ಷದ ಹಿಂದೆ ಹಳೇ ಗಣಿ ಲೈನಿನಲ್ಲಿ ಅವನಪ್ಪ ಸಾಕಿದ್ದ ಹಸುವಿಗೆ ಮುನಿರಾಜನೇ ಬಂದು ಹೋಗಿದ್ದ. ಅಂಗಡಿಯಲ್ಲಿ ನಿಂತಿದ್ದ ಇಬ್ಬರು ಹೆಂಗಸರ ಕಡೆ, ಒಬ್ಬ ಪಿಂಚಣಿ ತಾತನ ಕಡೆ ತಿರುಗಿ ಸೆಲ್ವರಾಜ್ ಘೋಷಿಸಿದ: “ಈ ಸಾರ್ ಕೈ ಇಟ್ರೆ ಕರು ಗ್ಯಾರಂಟಿ! ಏನ್ ಬೇಕು ಸಾರ್, ಹೇಳಿ?”

“ಓಆರ್‌ಎಸ್,” ಎಂದಿತು ಮುನಿರಾಜನ ಬಾಯಿ.

“ಬೇರೆ?”

“ಕೆಮ್ಮಿನ ಸಿರಪ್ಪು.”

“ಬೇರೆ?”

ತಾತ ಹೋಗಲಿ ಎಂದು ಕಾದ. ತಾತನಿಗೆ ಹೋಗುವ ಅವಸರವಿರಲಿಲ್ಲ. ಸೆಲ್ವರಾಜ್ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ ದನಿ ತಗ್ಗಿಸಿದ, ಅಂದರೆ ರಸ್ತೆಯ ಆಚೆಗೆ ಕೇಳದಷ್ಟು ಮಾತ್ರ: “ಸಾರ್, ನಿಮ್ದು ಮಕ್ಳು ಆಯ್ತಾ?”

“ಇನ್ನೂ ಇಲ್ಲ.”

“ಕವಲೆಪಡಾದೀಂಗ ಸಾರ್, ಚಿಂತೆ ಬೇಡ! ಒಂದು ಲೇಹ್ಯ ಇದೆ. ನಮ್ಮ ಮಚ್ಚಾನ್‌ಗೆ ಟ್ವಿನ್ಸ್!”

ಕಾಂಡೋಮ್ ತರಲು ಹೋದವನು ಗಂಡಸರಿಗೆ ಬಲ ಬರುವ ಲೇಹ್ಯ ಹಿಡಿದುಕೊಂಡು ಮನೆಗೆ ಬಂದ. ಭಾನುಪ್ರಿಯ ಚೀಲದಿಂದ ಮೂರನ್ನೂ ತೆಗೆದು ಮಂಚದ ಮೇಲೆ ಸಾಲಾಗಿ ಇಟ್ಟಳು: ಓಆರ್‌ಎಸ್, ಸಿರಪ್ಪು, ಲೇಹ್ಯ.

“ಇದ್ರಲ್ಲಿ ಯಾವ್ದುನ್ನ ಆಕ್ಕೊಂತೀಯ?” ಎಂದಳು.

ಮಾರನೇ ಬೆಳಿಗ್ಗೆ ಕೋದಂಡಪ್ಪನ ಕೊಟ್ಟಿಗೆಯಲ್ಲಿ ಮುನಿರಾಜನ ಸಿದ್ಧಾಂತ ಹುಟ್ಟಿತು. ಕೋದಂಡಪ್ಪನ ಹಸು ಕರು ಹಾಕಿ ನಾಲ್ಕು ತಿಂಗಳಾಗಿತ್ತು. ಹಾಲು ಧಾರಾಳವಾಗಿ ಕೊಡುತ್ತಿತ್ತು, ಪಕ್ಕೆಲುಬು ಎಣಿಸುವಂತಿತ್ತು, ಬೆದೆಯ ಸುಳಿವೇ ಇಲ್ಲ. “ಮೈ ಇಳೀತಿರೋ ಅಸು ಬೆದೆಗೆ ಬರಲ್ಲ ಕಣಣ್ಣ,” ಎಂದು ಮುನಿರಾಜ ಎಂದಿನಂತೆ ವಿವರಿಸಿದ. “ತಿನ್ನೋದಕ್ಕಿಂತ ಕರಗೋದು ಜಾಸ್ತಿ ಆದ್ರೆ, ಒಡಲು ‘ಈವಾಗ ಬ್ಯಾಡ’ ಅಂತದೆ.”

ಹೇಳಿದ್ದೇ ತಡ, ಅವನ ತಲೆಯಲ್ಲಿ ಟ್ಯೂಬ್‌ಲೈಟು ಪಕಪಕ ಅಂದು ಹತ್ತಿಕೊಂಡಿತು. ಭಾನುಪ್ರಿಯಳೂ ಈಗ ಮೈ ಇಳಿಸಲು ಹೊರಟಿದ್ದಾಳೆ! ಹಾಗಾದರೆ ಕಾಂಡೋಮ್ ಯಾಕೆ, ಸೆಲ್ವರಾಜ್ ಯಾಕೆ, ಆ ತಾತ ಯಾಕೆ?

ಅವನಿಗೆ ಇದರ ಇನ್ನೊಂದು ಮುಖವೂ ಗೊತ್ತಿಲ್ಲದೇನಿರಲಿಲ್ಲ. ಹಿಂಡಿ, ಬೂಸಾ ಅತಿಯಾಗಿ ತಿಂದು ಕೊಬ್ಬಿ, ಎಷ್ಟು ಸಲ ಕೊಳವೆ ಹಾಕಿದರೂ ನಿಲ್ಲದ ಕಡಸುಗಳ ಯಜಮಾನರಿಗೆ “ಮೇವು ಕಡಿಮೆ ಮಾಡಿ, ಮೈ ಇಳೀಲಿ, ತಾನೇ ನಿಲ್ತದೆ” ಎಂದು ವರ್ಷಕ್ಕೆ ನೂರು ಸಲ ಅವನೇ ಹೇಳುತ್ತಿದ್ದ. ಆದರೆ ಮನುಷ್ಯನ ವಿದ್ಯೆ ಅವನ ಅನುಕೂಲ ನೋಡಿಕೊಂಡು ನೆನಪಾಗುತ್ತದೆ. ಆ ಅರ್ಧ ಅವತ್ತು ರಜೆ ಹಾಕಿತ್ತು.

“ಡಾಕ್ಟರಮ್ಮ ಏಳಿದ್ದು ಬೇರೆ ಅಲ್ವಾ?” ಎಂದಳು ಭಾನುಪ್ರಿಯ, ಅವನು ಕೈಯಾಡಿಸಿ ಆಡಿಸಿ ಎಲ್ಲ ಬಿಡಿಸಿ ಹೇಳಿದ ಮೇಲೆ.

“ಅವ್ರು ಪುಸ್ತಕ ಓದಿದೋರು. ನಂದು ಒಂಬತ್ತು ವರ್ಷದ ಕೈ ಅನುಭವ.”

“ನಾನೇನು ಅಸು ಅಲ್ಲ.”

“ಒಡಲು ಒಡಲೇ ಕಣೆ. ಬಾಲ ಇದ್ರೇನು, ಇಲ್ದಿದ್ರೇನು.”

ಅವಳು ಕಣ್ಣು ಸಣ್ಣ ಮಾಡಿ ನೋಡಿದಳು. ಆದರೆ ಅವಳಿಗೂ ಆ ಪೊಟ್ಟಣ ಮನೆಗೆ ತರುವ ಮನಸ್ಸಿರಲಿಲ್ಲ. ಆರು ವರ್ಷ ದೇವರ ಮುಂದೆ ಸೆರಗೊಡ್ಡಿ ನಿಂತವಳು ಈಗ ಬಾಗಿಲು ಹಾಕಿಕೊಂಡರೆ, ದೇವರು ಅದನ್ನೇ ಕೊನೆಯ ಮಾತು ಎಂದುಕೊಂಡರೆ? ಅವಳೂ ಹೂಂ ಅಂದಳು. ಸಿದ್ಧಾಂತ ಮನೆಯೊಳಗೆ ಅಂಗೀಕಾರವಾಯಿತು.

ಇಂಜೆಕ್ಷನ್ನಿನ ಪೆನ್ನು ಫ್ರಿಜ್ಜಿನ ಬಾಗಿಲಲ್ಲಿ, ಮೊಸರಿನ ಪಕ್ಕದಲ್ಲಿ ಕೂತಿತು. ಮುನಿನಾರಾಯಣಮ್ಮನಿಗೆ ಅದು ಸಕ್ಕರೆ ಕಾಯಿಲೆ ಬರದ ಹಾಗೆ ಕೊಡುವ ಔಷಧಿ ಎಂದು ಹೇಳಿದ್ದರು. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಎರಡನೇ ವಾರದಿಂದ ಭಾನುಪ್ರಿಯಳಿಗೆ ಹಸಿವು ಸತ್ತಿತು. ಎರಡು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಕೈತೊಳೆದಳು. ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿಯ ಮುಂದೆ ನಿಂತು, ಎರಡು ತಿಂದು, ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಮುನಿರಾಜ ಅನ್ನವನ್ನು ಬಿಸಾಡುವ ಮನೆತನದವನಲ್ಲ. ಅವಳು ಬಿಟ್ಟದ್ದನ್ನೆಲ್ಲಾ ಅವನೇ ಮುಗಿಸಿದ. ಹೀಗೆ ಅವಳಿಂದ ಹೊರಟ ತೂಕ ಮನೆ ಬಿಟ್ಟು ಹೋಗದೆ ಅವನಲ್ಲೇ ಬಂದು ತಂಗುತ್ತಿತ್ತು.

ಮೂರನೇ ವಾರ ವಾಂತಿ ಶುರುವಾಯಿತು. ಬಚ್ಚಲಿನಿಂದ ಬಂದ ಸದ್ದು ಕೇಳಿ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮುನಿನಾರಾಯಣಮ್ಮ ಮೊರ ಬಿಟ್ಟು ಎದ್ದಳು. ಸೊಸೆಗೆ ಊಟ ಸೇರುತ್ತಿಲ್ಲ, ವಾಂತಿಯಾಗುತ್ತಿದೆ, ತಲೆ ಸುತ್ತುತ್ತಿದೆ. ಇದಕ್ಕೆ ಯಾವ ಡಾಕ್ಟರು ಬೇಕು? ಅವಳು ಪಕ್ಕದ ಮನೆಯ ಚಿಕ್ಕವೆಂಕಟಮ್ಮನಿಗೆ “ಯಾರ್ಗೂ ಏಳ್ಬ್ಯಾಡ” ಎಂದು ಹೇಳಿದಳು. ನೇರಳೆಕುಂಟೆಯಲ್ಲಿ ಸುದ್ದಿ ಹಬ್ಬಿಸಲು ಇದಕ್ಕಿಂತ ವೇಗದ ಸಾಧನವಿಲ್ಲ. ಸಂಜೆ ಮುನಿರಾಜ ಡೈರಿಗೆ ಬರುವಷ್ಟರಲ್ಲಿ ಕೋದಂಡಪ್ಪ ಒಂದು ಹಿಡಿ ಸಕ್ಕರೆ ಹಿಡಿದುಕೊಂಡು ಕಾಯುತ್ತಿದ್ದ.

“ಬಾಯ್ ತೆಗೀಲಾ ಪೋಸ್ಟ್‌ಮ್ಯಾನ್! ಕಾಗ್ದ ತಲುಪ್ತಂತೆ!”

ಬಾಯ್ತುಂಬ ಸಕ್ಕರೆ ಇಟ್ಟುಕೊಂಡು ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು ಅವತ್ತು ಅವನಿಗೆ ತಿಳಿಯಿತು. ಮನೆಯಲ್ಲಿ ಭಾನುಪ್ರಿಯ ಅತ್ತೆಯನ್ನು ಕೂರಿಸಿಕೊಂಡು, ಇದು ಔಷಧಿಯ ಗುಣ, ಬೇರೇನೂ ಅಲ್ಲ ಎಂದು ಬಿಡಿಸಿ ಹೇಳಿದಳು. ಮುನಿನಾರಾಯಣಮ್ಮನ ಮುಖ ಇಳಿದುಹೋಯಿತು. ಮಾರನೇ ದಿನ ಮನೆಮನೆಗೂ ಹೋಗಿ ಇಲ್ಲವಂತೆ, ಇಲ್ಲವಂತೆ ಎಂದು ಹೇಳಿ ಬಂದ ಮೇಲೆ ಅವಳು ಕಡ್ಡಿ ಮುರಿದಂತೆ ಹೇಳಿದಳು: “ಇನ್ಮೇಲೆ ಇವ್ಳು ಕೆರೆ ತುಂಬೋ ಅಷ್ಟು ವಾಂತಿ ಮಾಡ್ಕೊಳ್ಲಿ, ನಾನು ಬಾಯ್ ಬಿಡಲ್ಲ.”

ನಾಲ್ಕು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿಯಿತು. ಭಾನುಪ್ರಿಯ ರವಿಕೆಗಳನ್ನು ಎರಡು ಸಲ ಹಿಡಿಸಿಕೊಂಡಳು. ಆಂಡರ್ಸನ್‌ಪೇಟೆ ಬಸ್ಸಿಗೆ ಓಡಿಹೋಗಿ ಹತ್ತಿದಳು, ಏದುಸಿರಿಲ್ಲದೆ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವನ್ನೂ ಆಡಿದಳು. ಅದಕ್ಕಿಂತ ದೊಡ್ಡ ಬದಲಾವಣೆ ಗೋಡೆಯ ಕ್ಯಾಲೆಂಡರಿನಲ್ಲಾಯಿತು. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಮನಸ್ಸು ಬಂದಾಗ ಆಗುತ್ತಿದ್ದ ಮುಟ್ಟು ಈಗ ಇಪ್ಪತ್ತೆಂಟಕ್ಕೆ, ಇಪ್ಪತ್ತೊಂಬತ್ತಕ್ಕೆ, ಮತ್ತೆ ಇಪ್ಪತ್ತೆಂಟಕ್ಕೆ ಬರತೊಡಗಿತು.

“ನೋಡ್ದಾ, ಮೈ ಅಗುರಾಯ್ತು, ಎಲ್ಲಾ ಗಡಿಯಾರದಂಗೆ ಆಯ್ತು!” ಎಂದು ಮುನಿರಾಜ ಕ್ಯಾಲೆಂಡರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ಮೆಚ್ಚಿಕೊಂಡ. ಇದೇ ತಾರೀಕುಗಳು ಯಾವುದಾದರೂ ಹಸುವಿನ ಚೀಟಿಯಲ್ಲಿದ್ದಿದ್ದರೆ, ಚಕ್ರ ಸರಿಹೋಯಿತು ಎಂದು ಆಗಲೇ ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದವನು ಅವನು. ಸ್ವಂತ ಗೋಡೆಯ ಮೇಲೆ ಬರೆದದ್ದನ್ನು ಓದಲಾಗಲಿಲ್ಲ.

ಐದನೇ ತಿಂಗಳು ಡಾಕ್ಟರಮ್ಮ ಡೋಸು ಒಂದು ಮೆಟ್ಟಿಲು ಏರಿಸಿದರು. ಎರಡು ವಾರದಲ್ಲಿ ವಾಂತಿ ಮರಳಿ ಬಂತು. ಈ ಸಲ ಊರೂ ಗಾಬರಿಯಾಗಲಿಲ್ಲ, ಮನೆಯೂ ಆಗಲಿಲ್ಲ. ಮುನಿನಾರಾಯಣಮ್ಮ ಅವರೆಕಾಯಿ ಬಿಡಿಸುತ್ತಾ ತುಟಿಯನ್ನು ಹೊಲಿದುಕೊಂಡಂತೆ ಕೂತಿದ್ದಳು. ಭಾನುಪ್ರಿಯಳಿಗೆ ಮಾತ್ರ ಒಳಗೊಳಗೇ ಏನೋ ಲೆಕ್ಕ ನಡೆಯುತ್ತಿತ್ತು.

“ಅನ್ನೆರಡು ದಿನ ಮುಂದಕ್ಕೋಗದೆ,” ಎಂದಳು ಒಂದು ಸಂಜೆ.

“ಡೋಸು ಜಾಸ್ತಿ ಮಾಡವ್ರಲ್ಲ, ಅದ್ಕೆ ಇರ್ಬೇಕು.”

“ಎಲ್ಲಾದಕ್ಕೂ ಡೋಸೇನಾ? ಮೊನ್ನೆ ಸೀರೆ ಅಂಗ್ಡೀಲಿ ಕೂತ್ಕಂಡೇ ನಿದ್ದೆ ಮಾಡ್ಬಿಟ್ಟೆ ಕಣಯ್ಯಾ, ಕಾಂಜೀವರಂ ಮಡಿಲಲ್ಲಿಟ್ಕಂಡು.”

“ಅದೂ ಡೋಸೇ ಇರ್ಬೇಕು.”

ಮಾರನೇ ದಿನ ಅವಳು ಅಂಗಡಿ ಪಕ್ಕದ ಮೆಡಿಕಲ್ಲಿಗೆ ಹೋಗಿ, ಮಾಲೀಕನ ಮುಖವನ್ನೇ ನೋಡುತ್ತಾ, ತಮಿಳಿನಲ್ಲಿ ಕೇಳಿ ಗರ್ಭಪರೀಕ್ಷೆಯ ಕಿಟ್ಟು ತಂದಳು. ಎರಡು ನಿಮಿಷದ ಕೆಲಸ. ಬೆಳಗಿನ ಆರೂವರೆಗೆ ಬಚ್ಚಲ ಬಾಗಿಲು ತೆರೆದು ಕಡ್ಡಿಯನ್ನು ಗಂಡನ ಮೂಗಿನ ಮುಂದೆ ಹಿಡಿದಳು. ಎರಡು ಗೆರೆ.

ಒಂಬತ್ತು ವರ್ಷದ ಕೈ ಅನುಭವದ ಮುನಿರಾಜ ಆ ಗಳಿಗೆಯಲ್ಲಿ ಕೇಳಿದ್ದು: “ಇದು ಎಕ್ಸ್‌ಪೈರಿ ಆಗಿರ್ಬೋದಾ?”

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ನಗುತ್ತಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ, ಅವಳ ಕೈ ಹಿಡಿದುಕೊಂಡ. ಆರು ವರ್ಷ ಕಾದದ್ದು ಇದಕ್ಕೇ. ಆಮೇಲೆ ಇಬ್ಬರಿಗೂ ಒಟ್ಟಿಗೇ ಡಾಕ್ಟರಮ್ಮನ ಬೆರಳು ಕಣ್ಣ ಮುಂದೆ ಬಂತು. ಇಬ್ಬರ ನಗುವೂ ಒಟ್ಟಿಗೇ ನಿಂತಿತು.

“ಮೊನ್ನೆ ಬುಧವಾರ ಚುಚ್ಕೊಂಡಿದ್ದೀನಿ,” ಎಂದಳು ಭಾನುಪ್ರಿಯ. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. “ಒಳಗಿರೋದಕ್ಕೆ ಏನಾದ್ರೂ ಆಗೋಗಿದ್ರೆ?”

ಮುನಿರಾಜ ಈ ಸಲ ಸಿದ್ಧಾಂತ ಹುಡುಕದೆ ಬೈಕಿನ ಬೀಗದ ಕೈ ತೆಗೆದುಕೊಂಡ.

ಡಾಕ್ಟರಮ್ಮ ಕಡ್ಡಿ ನೋಡಿದರು, ಫೈಲು ನೋಡಿದರು, ಕನ್ನಡಕದ ಮೇಲಿನಿಂದ ಮುನಿರಾಜನನ್ನು ನೋಡಿದರು. “ಕಾಂಡೋಮ್ ಬಳಸಿದ್ರಾ?”

“ಅದು... ಹರಿದೋಯ್ತು ಮೇಡಂ.”

ಭಾನುಪ್ರಿಯ ನಿಧಾನವಾಗಿ ಕತ್ತು ತಿರುಗಿಸಿದಳು. ಬೆಲೆಯನ್ನು ಅರ್ಧಕ್ಕೆ ಕೇಳಿದ ಗಿರಾಕಿಯನ್ನು ಅವಳು ನೋಡುತ್ತಿದ್ದುದು ಹೀಗೇ. ಆ ನೋಟಕ್ಕೆ ಮುನಿರಾಜ ಐದು ಎಣಿಸುವಷ್ಟು ಹೊತ್ತೂ ತಡೆದುಕೊಳ್ಳಲಿಲ್ಲ. ಸೆಲ್ವರಾಜ್, ತಾತ, ಲೇಹ್ಯ, ಕೋದಂಡಪ್ಪನ ಹಸು, ಮೈ ಇಳಿಯುತ್ತಿರುವ ಒಡಲು, ಎಲ್ಲವನ್ನೂ ಒಪ್ಪಿಸಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಪಕ್ಕದಲ್ಲಿದ್ದ ನರ್ಸು ಏನೋ ನೆನಪಾದವಳಂತೆ ಹೊರಗೆ ಹೋದಳು. ಹೊರಗಿನಿಂದ ಅವಳ ನಗು ಕೇಳಿಸಿತು.

“ಅವತ್ತೇ ಏಳ್ದೆ ಮೇಡಂ, ನಾನು ಅಸು ಅಲ್ಲ ಅಂತ,” ಎಂದಳು ಭಾನುಪ್ರಿಯ.

“ನೋಡಿ ಮುನಿರಾಜ್,” ಎಂದರು ಡಾಕ್ಟರಮ್ಮ, ತುಟಿಯ ಕೊನೆಯನ್ನು ಕಷ್ಟಪಟ್ಟು ಬಿಗಿಹಿಡಿದು. “ನಿಮ್ಮ ಹಸುಗೆ ಸೊರಗಿ ಸೊರಗಿ ಬೆದೆ ತಪ್ಪಿದ್ದು. ಇವರಿಗೆ ಜಾಸ್ತಿ ತೂಕದಿಂದ ಮುಟ್ಟು ತಪ್ಪಿದ್ದು. ಇವರಿಗೆ ತೂಕ ಇಳಿದಷ್ಟೂ ಅಂಡ ಬಿಡುಗಡೆಯಾಗೋಕೆ ಶುರುವಾಗುತ್ತೆ. ಮಕ್ಕಳಾಗಲ್ಲ ಅಂತ ಧೈರ್ಯವಾಗಿರೋರೇ ಈ ಇಂಜೆಕ್ಷನ್ ತಗೊಂಡು ಗರ್ಭಿಣಿಯಾಗಿ ಬರ್ತಾರೆ. ಅದಕ್ಕೇ ನಾನು ಬೆರಳು ತೋರಿಸಿ ಹೇಳಿದ್ದು. ಮುಟ್ಟು ಸರಿಯಾಗಿ ಬರೋಕೆ ಶುರುವಾದಾಗಲಾದರೂ ಅನುಮಾನ ಬರಲಿಲ್ವಾ?”

“ಬಂತು ಮೇಡಂ,” ಎಂದ ಮುನಿರಾಜ. “ಸಂತೋಷ ಬಂತು.”

ಭಾನುಪ್ರಿಯ ಕೇಳಬೇಕಾದ್ದನ್ನು ಕೇಳಿದಳು. “ಮಗೂಗೆ ಏನಾಗ್ತದೆ ಮೇಡಂ?”

ಡಾಕ್ಟರಮ್ಮನ ದನಿ ಬದಲಾಯಿತು. “ಇವತ್ತಿಂದಲೇ ಇಂಜೆಕ್ಷನ್ ನಿಲ್ಲಿಸಿ. ಇಲಿ, ಮೊಲಗಳ ಮೇಲಿನ ಪ್ರಯೋಗದಲ್ಲಿ ಮರಿಗಳಿಗೆ ತೊಂದರೆ ಕಂಡಿದೆ. ತಾಯಿಪ್ರಾಣಿ ಸರಿಯಾಗಿ ತಿನ್ನದೇ ಹೋದದ್ದೂ ಕಾರಣ ಇರಬಹುದು. ಮನುಷ್ಯರಲ್ಲಿ, ಗೊತ್ತಿಲ್ಲದೆ ಶುರುವಿನಲ್ಲಿ ತಗೊಂಡವರನ್ನ ನೋಡಿದ್ದಾರೆ. ಇದುವರೆಗೆ ದೊಡ್ಡ ಅಪಾಯ ಕಂಡಿಲ್ಲ. ಆದರೆ ಹಾಗೆ ನೋಡಿರೋದು ಇನ್ನೂ ಸ್ವಲ್ಪ ಜನರನ್ನೇ. ಏನೂ ಆಗಲ್ಲ ಅಂತ ನಾನು ಸುಳ್ಳು ಧೈರ್ಯ ಹೇಳಲ್ಲ, ಏನೋ ಆಗೇ ಆಗುತ್ತೆ ಅಂತ ಹೆದರಿಸೋದೂ ಇಲ್ಲ. ಫೋಲಿಕ್ ಆಸಿಡ್ ತಗೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಐದನೇ ತಿಂಗಳಲ್ಲಿ ದೊಡ್ಡ ಸ್ಕ್ಯಾನ್ ಮಾಡೋಣ.”

ಬೇರೆ ಯಾವ ಗಂಡನಾದರೂ ‘ಇಲಿ, ಮೊಲ’ ಎಂಬ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದನೇನೋ. ಮುನಿರಾಜ ಪ್ರಾಣಿಗಳ ಮನುಷ್ಯ. ಮನುಷ್ಯರ ಲೆಕ್ಕ ಅವನಿಗೆ ಅರ್ಥವಾಗಲಿಲ್ಲ, ಮೊಲದ ಲೆಕ್ಕ ನೆಟ್ಟಗೆ ಎದೆಗೆ ಇಳಿಯಿತು. ಮೂರು ತಿಂಗಳು ಫೋನಿನಲ್ಲಿ ಮೊಲಗಳನ್ನೇ ಓದಿದ. ಓದಿದ್ದು ಅರ್ಧ ತಿಳಿಯದೆ ಪೂರ್ತಿ ಹೆದರಿದ. ಮೊದಲ ಸ್ಕ್ಯಾನಿನಲ್ಲಿ ಎದೆಬಡಿತ ಚೆನ್ನಾಗಿ ಕೇಳಿಸಿತು. ಮೊಲಗಳಿಗೂ ಎದೆ ಬಡಿಯುತ್ತಿತ್ತಲ್ಲ ಎಂದುಕೊಂಡ.

ಕೆಲಸದಲ್ಲೂ ಅವನ ಮಾತು ಕೆಟ್ಟಿತು. ಮುನಿಶಾಮಮ್ಮನ ಹಸುವಿಗೆ ಕೈಹಾಕಿ ನೋಡಿದವನು, “ನಿಂತದೆ ಕಣಮ್ಮ... ಆದ್ರೂ ಇಂಗೇ ಅಂತ ಏಳಾಕಾಗಲ್ಲ. ನೋಡಾನ,” ಎಂದ.

“ಅದೇನ್ ಡಾಕ್ಟ್ರೇ, ಕೈ ಒಳಗಿಟ್ಕಂಡು ನೋಡಾನ ಅಂತೀಯ? ಇನ್ನೆಲ್ಲಿಂದ ನೋಡ್ತೀಯ?”

“ನನ್ ಕೈನ ಅಷ್ಟೊಂದು ನಂಬ್ಬ್ಯಾಡಮ್ಮ,” ಎಂದ ಮುನಿರಾಜ. ಒಂಬತ್ತು ವರ್ಷದಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಜನ ಮಾತ್ರ, ಡಾಕ್ಟ್ರು ಈಚೆಗೆ ನಿಜವಾದ ಡಾಕ್ಟರ ಹಾಗೆ ಮಾತಾಡುತ್ತಾರೆ ಎಂದುಕೊಂಡರು.

ಭಾನುಪ್ರಿಯ ಅವನನ್ನು ಬೈಯಲಿಲ್ಲ. ಅದೇ ಅವನಿಗೆ ದೊಡ್ಡ ಬೈಗುಳವಾಗಿತ್ತು. ಒಂದು ದಿನ ತಡೆಯಲಾರದೆ ಅವನೇ ಕೇಳಿದ: “ಒಂದೆರಡು ಮಾತು ಅಂದ್ಬಿಡಮ್ಮಿ. ನಂಗೂ ಅಗುರಾಯ್ತದೆ.”

“ನಾನೂ ಒಪ್ಕೊಂಡಿದ್ನಲ್ಲಾ,” ಎಂದಳು ಅವಳು. “ನಿನ್ ತಲೇಲಿರೋ ಅಸೂನ ನಂಬ್ದೋಳು ನಾನೇ ಅಲ್ವಾ. ಎಲ್ಲಾ ಸರಿಯಾಗ್ಲಿ, ಆಮೇಲೆ ಅಸಲು ಬಡ್ಡಿ ಸೇರ್ಸಿ ಬೈತೀನಿ. ಈವಾಗ ಶಕ್ತಿ ಇಲ್ಲ.”

ಅತ್ತೆಗೆ ಹೇಳಿದ್ದು ನಾಲ್ಕನೇ ತಿಂಗಳಿಗೆ. ಮುನಿನಾರಾಯಣಮ್ಮ ನಂಬಲಿಲ್ಲ. “ಓಗಮ್ಮ, ಓದ್ಸಲನೂ ಇಂಗೇ ಆಯ್ತು,” ಎಂದಳು. ಸ್ಕ್ಯಾನಿನ ಚಿತ್ರ ತೋರಿಸಿದರೆ ತಲೆಕೆಳಗೆ ಹಿಡಿದು ನೋಡಿ, “ಇದ್ರಲ್ಲೇನದೆ, ಬರೀ ಮೋಡ,” ಎಂದಳು. ಕಡೆಗೆ ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿ, ಹೊಟ್ಟೆಯನ್ನು ಒಮ್ಮೆ ಸವರಿದ ಮೇಲೆ ಮೂಗು ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಚಿಕ್ಕವೆಂಕಟಮ್ಮನಿಗೆ ಮಾತ್ರ ಹೇಳಲಿಲ್ಲ. ಅದು ನೇರಳೆಕುಂಟೆಯ ಇತಿಹಾಸದಲ್ಲಿ ಉಳಿದ ಮೊದಲ ಗುಟ್ಟು.

ದೊಡ್ಡ ಸ್ಕ್ಯಾನಿಗೆ ಕೋಲಾರಕ್ಕೆ ಹೋಗಬೇಕಿತ್ತು. ಒಳಗೆ ಕರೆದಾಗ ಮುನಿರಾಜ ಚಪ್ಪಲಿ ಬಿಟ್ಟು, ಬೇಕಿಲ್ಲದಿದ್ದರೂ ಕೈ ತೊಳೆದು ಹೋದ. ಮಬ್ಬುಗತ್ತಲೆಯ ಕೋಣೆ. ಭಾನುಪ್ರಿಯ ಮಲಗಿದ್ದಳು, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು. ಸ್ಕ್ಯಾನಿನ ಡಾಕ್ಟರು ವಯಸ್ಸಾದ ಹೆಂಗಸು, ಕಡಿಮೆ ಮಾತಿನವರು. ತುಂಬಾ ಹೊತ್ತು ಯಂತ್ರವನ್ನು ಒತ್ತಿ ಒತ್ತಿ ನೋಡಿದರು.

ಮುನಿರಾಜ ಸಾವಿರಾರು ಕರುಗಳನ್ನು ಹುಟ್ಟುವ ಮೊದಲೇ ಮುಟ್ಟಿದ್ದ, ಒಂದನ್ನೂ ಒಡಲೊಳಗೆ ನೋಡಿರಲಿಲ್ಲ. ಈಗ ಮುಟ್ಟುವಂತಿಲ್ಲ, ನೋಡಬೇಕು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಕಂಕುಳಲ್ಲೂ ಸಿಕ್ಕಿಸಿಕೊಂಡು ನಿಂತ.

“ತಲೆ ಸರಿ ಇದೆ,” ಎಂದರು ಡಾಕ್ಟರು. “ಬೆನ್ನೆಲುಬು... ಸರಿ. ತುಟಿ ಸರಿ. ಹೃದಯಕ್ಕೆ ನಾಲ್ಕು ಕೋಣೆ, ನಾಲ್ಕೂ ಇವೆ. ಮೂತ್ರಪಿಂಡ ಎರಡು. ಹೊಟ್ಟೆಯ ಗೋಡೆ ಸರಿಯಾಗಿ ಮುಚ್ಚಿಕೊಂಡಿದೆ. ಬೆಳವಣಿಗೆ ದಿನಕ್ಕೆ ತಕ್ಕ ಹಾಗೆ ಇದೆ.”

“ಅಂದ್ರೆ?” ಎಂದ ಮುನಿರಾಜ.

“ಅಂದ್ರೆ ಇವತ್ತಿಗೆ ನಮಗೆ ಕಾಣೋ ಅಷ್ಟೂ ಚೆನ್ನಾಗಿದೆ. ಕಾಣದೇ ಇರೋದನ್ನ ಯಾವ ಸ್ಕ್ಯಾನೂ ಹೇಳಲ್ಲ, ಯಾರ ಮಗುಗೂ ಹೇಳಲ್ಲ.” ಡಾಕ್ಟರು ಯಂತ್ರವನ್ನು ಸ್ವಲ್ಪ ಸರಿಸಿದರು. ಪರದೆಯ ಮೇಲಿನ ಮೋಡ ಕದಲಿ, ಅದರೊಳಗಿಂದ ಒಂದು ಪುಟ್ಟ ಅಂಗೈ ಅರಳಿತು. “ಇಲ್ನೋಡಿ. ಒಂದು, ಎರಡು, ಮೂರು, ನಾಲ್ಕು, ಐದು. ಆ ಕಡೆ ಕೈಯಲ್ಲೂ ಐದು.”

ಭಾನುಪ್ರಿಯಳ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಡಾಕ್ಟರು ಯಂತ್ರ ಎತ್ತುವುದರಲ್ಲಿದ್ದರು.

“ಮೇಡಂ,” ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. “ಇನ್ನೊಂದ್ಸಲ ಎಣಿಸ್ತೀರಾ? ನಂಗೆ ಗೊತ್ತಾಯ್ತು. ಇವ್ರಿಗೋಸ್ಕರ. ಇವ್ರು ಅರ್ಧ ಕೇಳಿಸ್ಕೊಂಡು ಮನೇಲಿ ಬೇರೆ ಏನೋ ಲೆಕ್ಕ ಶುರು ಮಾಡ್ತಾರೆ.”

ಆ ವಯಸ್ಸಾದ ಡಾಕ್ಟರು ಮೊದಲ ಸಲ ನಕ್ಕರು. ಹೊರಗೆ ಇನ್ನೂ ಎಂಟು ಜನ ಕಾಯುತ್ತಿದ್ದರೂ ಯಂತ್ರವನ್ನು ಮತ್ತೆ ಇಳಿಸಿ, ಮುನಿರಾಜನ ಕಡೆ ಒಮ್ಮೆ ನೋಡಿ, ಹೆಬ್ಬೆರಳಿನಿಂದ ಶುರುಮಾಡಿದರು.